ಬಾಗಿಲ ತೂತಿನ ಸೂರ್ಯ

1980ನೆಯ ಇಸವಿ ಫೆಬ್ರವರಿ 16, ಶನಿವಾರ. ನಿಮ್ಮಲ್ಲಿ ನನ್ನ ವಯಸ್ಸಿನವರಿಗೆ ಆ ದಿನ ನೆನಪಿರಬಹುದು. ಅಂದು ಸವದತ್ತಿಯ ನಮ್ಮ ಓಣಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೇ ಬಾಗಿಲುಗಳೆಲ್ಲ ಮುಚ್ಚಿದವು. ದನಗಳನ್ನು ಕೊಟ್ಟಿಗೆಗೆ ಕಟ್ಟಿದರು. ನೀರಿನ ಕೊಡಗಳಲ್ಲಿ ತುಳಸಿ ಹಾಕಿದರು. ನನಗೆ ಆಗ ಹನ್ನೊಂದು ವರ್ಷ. ಸೂರ್ಯನಿಗೆ ಗ್ರಹಣ ಹಿಡಿಯುತ್ತದೆ, ಹೊರಗೆ ಕಾಲಿಟ್ಟರೆ ಕಣ್ಣು ಹೋಗುತ್ತದೆ ಎಂದಷ್ಟೇ ನಮಗೆ ಗೊತ್ತಿದ್ದದ್ದು.

ನಮ್ಮದು ಮಣ್ಣಿನ ಮಾಳಿಗೆಯ ಹಳೆಯ ಮನೆ. ಪಡಸಾಲೆಗೆ ಪಶ್ಚಿಮಕ್ಕೆ ಬಾಗಿಲು. ಇದ್ದ ಒಂದು ಕಿಟಕಿಗೆ ಆಯಿ ಕಂಬಳಿ ಕಟ್ಟಿದ್ದಳು. ನಮ್ಮ ಕಾಕು ಆಗ ಏಳು ತಿಂಗಳ ಬಸುರಿ, ಚೊಚ್ಚಲು. ಅವಳನ್ನು ಒಂದು ಚಾಪೆಯ ಮೇಲೆ ಮಲಗಿಸಿ, “ಕೈಯಾಗ ಇಳಿಗಿ ಹಿಡೀಬ್ಯಾಡ, ಸೂಜಿ ಮುಟ್ಟಬ್ಯಾಡ, ಕಾಲ ಮಡಚಬ್ಯಾಡ” ಎಂದು ಆಯಿ ಮತ್ತೆ ಮತ್ತೆ ಹೇಳುತ್ತಿದ್ದಳು. ನಾವು ಮಕ್ಕಳು ಗೋಡೆಗೆ ಆತು ಕುಳಿತಿದ್ದೆವು.

ಆ ಬಾಗಿಲಿನ ಮೇಲ್ಭಾಗದಲ್ಲಿ ಒಂದು ತೂತು ಇತ್ತು. ಯಾವ ಕಾಲದಲ್ಲೋ ತೋರಣಕ್ಕೆಂದು ಹೊಡೆದ ಮೊಳೆ ಕಿತ್ತು ಆದ ತೂತು. ದಿನಾ ಮಧ್ಯಾಹ್ನ ಅದರೊಳಗಿಂದ ಬಿಸಿಲು ಬಂದು ಫರಸಿ ನೆಲದ ಮೇಲೆ ರೂಪಾಯಿ ನಾಣ್ಯದಂತೆ ದುಂಡಗೆ ಬೀಳುತ್ತಿತ್ತು. ಅದನ್ನು ಅಂಗೈಯಲ್ಲಿ ಹಿಡಿಯುವುದು ನಮ್ಮ ಆಟ. ಆ ದಿನ ನೋಡುತ್ತೇನೆ, ನಾಣ್ಯ ದುಂಡಗಿಲ್ಲ. ಒಂದು ಬದಿ ಕಡಿದಂತಾಗಿದೆ. ನೋಡನೋಡುತ್ತ ಅದು ಕುಡುಗೋಲಿನಂತಾಯಿತು. ಹೊರಗೆ ಸಂಜೆಯಾದಂತೆ ಕಪ್ಪಾಗುತ್ತ ಬಂತು. ಆ ಕುಡುಗೋಲು ಮೆಲ್ಲಗೆ ಸರಿದು ಕಾಕುವಿನ ಪಾದದ ಹತ್ತಿರ ಬಂತು.

“ಕಾಕು, ನಿನ್ನ ಕಾಲ ಮ್ಯಾಲ ಚಂದ್ರ ಕುಂತಾನ ನೋಡ!” ಎಂದು ನಾನು ಕೂಗಿಬಿಟ್ಟೆ.

ಆಯಿ ನನ್ನ ಬೆನ್ನಿಗೆ ಹೊಡೆದ ಏಟು ಇವತ್ತಿಗೂ ನೆನಪಿದೆ. ಅವಳು ಓಡಿಹೋಗಿ ತೂತಿಗೆ ಅರಳೆ ತುರುಕಿದಳು. ಆದರೆ ಆಗುವುದು ಆಗಿಹೋಗಿತ್ತು. ಗ್ರಹಣದ ಬೆಳಕು ಬಸುರಿಯ ಕಾಲಿಗೆ ತಾಗಿತ್ತು. ಕಾಕು ಚಾಪೆಯ ಮೇಲೆ ಎದ್ದು ಕುಳಿತು ಪಾದವನ್ನು ಸೀರೆಯ ಸೆರಗಿನಿಂದ ಉಜ್ಜತೊಡಗಿದಳು. ಅಳಲಿಲ್ಲ, ಸುಮ್ಮನೆ ಉಜ್ಜಿದಳು.

ಮುಂದಿನ ಎರಡು ತಿಂಗಳು ಅವಳು ಸರಿಯಾಗಿ ನಿದ್ದೆ ಮಾಡಲಿಲ್ಲ. ಮಗುವಿನ ಕಾಲು ಹೇಗೆ ಇರುತ್ತದೋ ಎಂಬ ಅಂಜಿಕೆ. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಎತ್ತದೆ ಇದ್ದುದರಿಂದಲೇ ಅದು ಮನೆ ತುಂಬ ಇತ್ತು. ಆ ಬೆಳಕನ್ನು ತೋರಿಸಿ ಕೂಗಿದವಳು ನಾನು. ಮಗುವಿಗೆ ಏನಾದರೂ ಆದರೆ ನನ್ನಿಂದಲೇ ಎಂದು ನನಗೂ ಒಳಗೊಳಗೇ ಭಯ. ಏಪ್ರಿಲ್‌ನಲ್ಲಿ ಗಂಡು ಹುಟ್ಟಿತು. ಸೂಲಗಿತ್ತಿ ಬಟ್ಟೆ ಬಿಚ್ಚಿ ತೋರಿಸಿದಾಗ ಕಾಕು ಮೊದಲು ನೋಡಿದ್ದು ಮುಖವನ್ನಲ್ಲ, ಕಾಲುಗಳನ್ನು. ಎರಡೂ ನೆಟ್ಟಗಿದ್ದವು.

ಆ ದಿನದ ಬಗ್ಗೆ ನಾನು ಆಮೇಲೆ ಓದಿ ತಿಳಿದುಕೊಂಡದ್ದು ಬಹಳ. ಅದು ಸಂಪೂರ್ಣ ಸೂರ್ಯಗ್ರಹಣ. ಚಂದ್ರನ ನೆರಳಿನ ಪಟ್ಟಿ ಕಾರವಾರದ ಕಡಲ ತೀರದಲ್ಲಿ ಭಾರತವನ್ನು ಮುಟ್ಟಿ, ಹುಬ್ಬಳ್ಳಿ, ಗದಗ, ರಾಯಚೂರು ಸೀಮೆಯ ಮೇಲೆ ಹಾದು ಆಂಧ್ರದ ಕಡೆ ಹೋಯಿತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೆಂಗಳೂರಿನ ವಿಜ್ಞಾನಿಗಳು ದೂರದರ್ಶಕಗಳನ್ನು ಹೂಡಿ ಕಾದಿದ್ದರು. ಹೈದರಾಬಾದಿನ ಹತ್ತಿರ ಉಸ್ಮಾನಿಯಾ ವಿಶ್ವವಿದ್ಯಾಲಯದ ಜಪಾಲ್–ರಂಗಾಪುರ ವೀಕ್ಷಣಾಲಯದಲ್ಲೂ ಹಾಗೆಯೇ. ಅದೇ ಹೊತ್ತಿಗೆ ಮುಂಬಯಿಯಂಥ ಶಹರದಲ್ಲೂ ರಸ್ತೆಗಳು ಬಿಕೋ ಎನ್ನುತ್ತಿದ್ದವಂತೆ. ಎಂದರೆ ಹೆದರಿದವರು ನಾವು ಸಣ್ಣ ಊರಿನವರು ಮಾತ್ರ ಅಲ್ಲ. ನಮ್ಮ ಮನೆಯಲ್ಲಿಯೂ ಅಂದು ಒಂದು ಉಪಕರಣ ಇತ್ತು, ಅದು ಕೆಲಸವನ್ನೂ ಮಾಡಿತು. ಅದನ್ನು ಬಿಡಿಸಿ ಹೇಳುವವರು ಇರಲಿಲ್ಲ, ಅಷ್ಟೇ.

ಶಾಲೆಯಲ್ಲಿ ಬೆಳಕಿನ ಪಾಠ ಬಂದಾಗ ನಾನು ಕಿವಿ ನಿಮಿರಿಸಿ ಕೇಳಿದೆ. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ ಎಂದು ಬರೆಸಿದರು. ನಾವು ಬರೆದುಕೊಂಡೆವು. ಮಸೂರ, ಪ್ರಿಸಮ್ಮು ಎಲ್ಲ ಕಪಾಟಿನಲ್ಲಿ ಇದ್ದವು. ಕಪಾಟಿಗೆ ಬೀಗ ಇತ್ತು. ಒಡೆದರೆ ಯಾರು ದುಡ್ಡು ಕೊಡುವವರು ಎಂಬುದು ಅವರ ಚಿಂತೆ. ನಾನು ಬಾಯಿಪಾಠ ಮಾಡಿ ಪಾಸಾದೆ. ಹುಡುಗಿಗೆ ಸಾಯನ್ಸ್ ಯಾಕೆ ಎಂದು ಮನೆಯವರು ಹೇಳಿದರು, ನಾನೂ ಹಟ ಮಾಡಲಿಲ್ಲ. ಬಿ.ಎ.ಗೆ ಸೇರಿದೆ.

ಬೆಳಕಿನ ಪಾಠ ನನಗೆ ಸಿಕ್ಕದ್ದು ತರಗತಿಯಲ್ಲಿ ಅಲ್ಲ, 1988ರಲ್ಲಿ ರಾಮದುರ್ಗ ತಾಲೂಕಿನ ಒಂದು ಹಳ್ಳಿಯಲ್ಲಿ, ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ. ಗಾಂಧೀಜಿಯವರ ಜನ್ಮ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಈ ಯೋಜನೆ ಶುರುವಾಯಿತು. ಕಾಲೇಜಿನ ಹುಡುಗ ಹುಡುಗಿಯರು ಹಳ್ಳಿಗೆ ಹೋಗಬೇಕು, ಕೆಲಸ ಮಾಡಬೇಕು, ಹಳ್ಳಿಯವರಿಂದ ಕಲಿಯಬೇಕು, ತಮಗೆ ಗೊತ್ತಿದ್ದದ್ದನ್ನು ಕಲಿಸಬೇಕು ಎಂಬುದು ಉದ್ದೇಶ. ನಮ್ಮ ನಾಲ್ಕು ತಾಲೂಕುಗಳ ಕಾಲೇಜುಗಳೆಲ್ಲ ಆಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ ಇದ್ದವು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆದ ಮೇಲೆ ಅದರ ಕೆಳಗೆ ಬಂದವು.

ಶಿಬಿರದಲ್ಲಿ ಹಗಲು ರಸ್ತೆಗೆ ಮಣ್ಣು ಹೊರುವುದು, ಮಧ್ಯಾಹ್ನ ಮಕ್ಕಳಿಗೆ ಏನಾದರೂ ಹೇಳಿಕೊಡುವುದು, ರಾತ್ರಿ ಹಾಡು, ನಾಟಕ. ನಮ್ಮ ಜೊತೆಗೆ ಬಿ.ಎಸ್ಸಿ. ಓದುವ ನಾಲ್ಕೈದು ಮಂದಿ ಇದ್ದರು. ಅವರಲ್ಲಿ ಒಬ್ಬ ಹುಡುಗಿ ಹಳೆಯ ಬೂಟಿನ ಡಬ್ಬಿ ಎತ್ತಿಕೊಂಡಳು. ಒಂದು ಬದಿಗೆ ಸೂಜಿಯಿಂದ ತೂತು ಮಾಡಿದಳು. ಇನ್ನೊಂದು ಬದಿಯನ್ನು ಕತ್ತರಿಸಿ ಎಣ್ಣೆ ಸವರಿದ ಕಾಗದ ಅಂಟಿಸಿದಳು. ತಲೆಯ ಮೇಲೆ ಕಂಬಳಿ ಹೊದ್ದುಕೊಂಡು ಆ ಕಾಗದ ನೋಡಿರಿ ಎಂದು ಮಕ್ಕಳಿಗೆ ಹೇಳಿದಳು. ಕಾಗದದ ಮೇಲೆ ಬೇವಿನ ಮರ ತಲೆಕೆಳಗಾಗಿ ನಿಂತಿತ್ತು. ಎತ್ತಿನ ಗಾಡಿಯೊಂದು ತಲೆಕೆಳಗಾಗಿ ಹೋಯಿತು. ಮಕ್ಕಳು ಕಿರುಚಿದರು.

ನನ್ನ ಸರದಿ ಬಂದಾಗ ನಾನು ಕಂಬಳಿಯೊಳಗೆ ಬಹಳ ಹೊತ್ತು ಇದ್ದುಬಿಟ್ಟೆ. ಹೊರಗೆ ಬಂದು, ನಾಲ್ಕು ಮಂದಿಯ ಎದುರು ಕೇಳಲು ನಾಚಿಕೆಯಾಗಿ, ರಾತ್ರಿ ಊಟದ ಹೊತ್ತಿಗೆ ಅವಳ ಹತ್ತಿರ ಸವದತ್ತಿಯ ಬಾಗಿಲಿನ ಕತೆ ಹೇಳಿದೆ.

ಅವಳು ನಗಲಿಲ್ಲ. ಮಣ್ಣಿನ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದಳು. “ಸೂರ್ಯನ ಒಂದೊಂದು ಭಾಗದಿಂದ ಬಂದ ಬೆಳಕು ನೆಟ್ಟಗ ಬಂದು, ತೂತಿನ್ಯಾಗ ಹಾದು, ನೆಟ್ಟಗ ಹೋಗಿ ಬೀಳ್ತೈತಿ. ಮ್ಯಾಲಿಂದ ಬಂದದ್ದು ಕೆಳಗ, ಕೆಳಗಿಂದ ಬಂದದ್ದು ಮ್ಯಾಲ. ನೆಲದ ಮ್ಯಾಲಿನ ದುಂಡು ತೂತಿನ ಆಕಾರ ಅಲ್ಲ ಅಕ್ಕಾ, ಸೂರ್ಯನ ಚಿತ್ರ ಅದು. ತೂತು ಚೌಕ ಇದ್ದರೂ ದುಂಡಗೇ ಬೀಳ್ತಿತ್ತು. ಅವತ್ತು ಸೂರ್ಯ ಕುಡುಗೋಲು ಆಗಿದ್ದ, ಚಿತ್ರನೂ ಕುಡುಗೋಲು ಆತು.”

“ಹಂಗಾರ ಅದು ಕಾಲಿಗೆ ತಾಗಿದ್ರ?”

“ದಿನಾ ತಾಗೂ ಬಿಸಿಲ ಅದು. ಅವತ್ತ ಅದಕ್ಕಿಂತ ಕಡಿಮಿ ಇತ್ತು, ಅಷ್ಟ.”

ಎಂಟು ವರ್ಷ ಹೊತ್ತ ಭಾರ ಅಷ್ಟು ಸಣ್ಣ ಮಾತಿನಿಂದ ಇಳಿಯಿತು. ಅವಳು ನನಗಿಂತ ಒಂದು ವರ್ಷ ಸಣ್ಣವಳು. ಪ್ರೊಫೆಸರ್ ಅಲ್ಲ, ವಿಜ್ಞಾನಿ ಅಲ್ಲ. ಅದಕ್ಕೇ ನಾನು ಅವಳನ್ನು ಕೇಳಿದೆ. ದೊಡ್ಡವರನ್ನು ಕೇಳುತ್ತಿರಲಿಲ್ಲ.

ಈ ತೂತಿನ ಕತೆ ನಮ್ಮ ಮನೆಗಿಂತ ಬಹಳ ಹಳೆಯದು. ಸುಮಾರು ಒಂದು ಸಾವಿರ ವರ್ಷದ ಹಿಂದೆ, ಇರಾಕಿನ ಬಸ್ರಾದಲ್ಲಿ ಹುಟ್ಟಿ ಈಜಿಪ್ಟಿನ ಕೈರೋದಲ್ಲಿ ನೆಲೆಸಿದ ಇಬ್ನ್ ಅಲ್‌ ಹೈಥಮ್ ಎಂಬ ಪಂಡಿತ ಕತ್ತಲೆ ಕೋಣೆ ಮತ್ತು ಸಣ್ಣ ತೂತು ಇಟ್ಟುಕೊಂಡು ಬೆಳಕನ್ನು ಪರೀಕ್ಷಿಸಿದ. ಗ್ರಹಣದ ಕಾಲದಲ್ಲಿ ತೂತಿನಿಂದ ಬಿದ್ದ ಸೂರ್ಯನ ಬಿಂಬ ಏಕೆ ಕುಡುಗೋಲಿನಂತೆ ಕಾಣುತ್ತದೆ ಎಂಬುದರ ಮೇಲೆಯೇ ಅವನು ಒಂದು ಗ್ರಂಥ ಬರೆದಿದ್ದಾನೆ. ಅವನ ಕೆಲಸಕ್ಕೆ ಸಾವಿರ ವರ್ಷ ಆಯಿತೆಂಬುದು ವಿಶ್ವಸಂಸ್ಥೆ 2015ನ್ನು ಬೆಳಕಿನ ವರ್ಷವೆಂದು ಆಚರಿಸಿದ್ದಕ್ಕೆ ಒಂದು ಕಾರಣ. ಅವನಿಗೂ ಐನೂರು ವರ್ಷ ಹಿಂದೆ, 499ರಲ್ಲಿ, ನಮ್ಮ ಆರ್ಯಭಟ ಗ್ರಹಣವೆಂದರೆ ನೆರಳು, ಚಂದ್ರ ಸೂರ್ಯನನ್ನು ಮುಚ್ಚುತ್ತಾನೆ, ಭೂಮಿಯ ನೆರಳು ಚಂದ್ರನನ್ನು ಮುಚ್ಚುತ್ತದೆ ಎಂದು ಹೇಳಿದ್ದ. ಮಾತು ಈ ನೆಲದಲ್ಲೇ ಹುಟ್ಟಿತ್ತು. ನಮ್ಮ ಪಡಸಾಲೆಗೆ ಬರಲು ಅದಕ್ಕೆ ಸಾವಿರದೈನೂರು ವರ್ಷ ಸಾಲಲಿಲ್ಲ.

ಬರಲೆಂದು ದುಡಿದವರು ಇಲ್ಲವೆಂದಲ್ಲ. 1918ರಲ್ಲೇ ಬೆಂಗಳೂರಿನಿಂದ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಟಿತ್ತು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಅದನ್ನು ನಡೆಸಿದರು. 1962ರಲ್ಲಿ ಎಚ್. ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ನಮ್ಮ ಶಾಲೆಗಳಿಗೂ ಬರತೊಡಗಿತು. ನಮ್ಮ ಊರಿನ ಹೆಸರನ್ನೇ ಅಡ್ಡಹೆಸರಾಗಿ ಇಟ್ಟುಕೊಂಡಿದ್ದ ಎಂ.ಐ. ಸವದತ್ತಿಯವರು ಧಾರವಾಡದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ಮುಂದೆ ಮಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಆ ಸುದ್ದಿ ಕೇಳಿ ನಮ್ಮ ಓಣಿಯವರು ಹೆಮ್ಮೆಪಟ್ಟಿದ್ದು ನೆನಪಿದೆ. ಆದರೆ ಪುಸ್ತಕ, ಪತ್ರಿಕೆ, ಭಾಷಣ ಇವೆಲ್ಲ ಓದು ಬಂದವರ ಮನೆಗೆ ಹೋಗುತ್ತವೆ. ಕಾಕುವಿಗೆ ಓದು ಬರುತ್ತಿರಲಿಲ್ಲ. ಅವಳ ಪಡಸಾಲೆಯಲ್ಲಿ ಕುಳಿತು ಕಡ್ಡಿಯಿಂದ ನೆಲದ ಮೇಲೆ ಗೀರಿ ತೋರಿಸುವವರು ಬೇಕಾಗಿತ್ತು.

ಶಿಬಿರ ಮುಗಿಸಿ ಊರಿಗೆ ಹೋದವಳೇ ಕಾಕುವಿಗೆ ಎಲ್ಲ ಹೇಳಿದೆ. ಎಂಟು ವರ್ಷದ ಮಗ ಓಣಿಯಲ್ಲಿ ಚಿಣ್ಣಿದಾಂಡು ಆಡುತ್ತಿದ್ದ. ಅವಳು ಕೇಳಿ, “ಈಗ ಹೇಳಿದಿ. ಅವಾಗ ಯಾರೂ ಹೇಳಲಿಲ್ಲ” ಎಂದಳು. ಅದರಲ್ಲಿ ಸಿಟ್ಟು ಇತ್ತೋ, ನಿರಾಳ ಇತ್ತೋ ನನಗೆ ತಿಳಿಯಲಿಲ್ಲ.

ನಾನು ಬಿ.ಎಡ್. ಮುಗಿಸಿ ಬೈಲಹೊಂಗಲದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮತ್ತು ಸಮಾಜ ಕಲಿಸಲು ಸೇರಿದೆ. ವಿಜ್ಞಾನ ನನ್ನ ವಿಷಯ ಅಲ್ಲ. ಆದರೂ ಫೆಬ್ರವರಿ 28 ಬಂತೆಂದರೆ ನಾನೇ ಮುಂದೆ ನಿಂತು ಹತ್ತಿರದ ಪದವಿ ಕಾಲೇಜಿನ ಭೌತಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆಸುತ್ತೇನೆ. ಅದು ಬೆಳಕಿನ ದಿನವೇ. 1928ರ ಅದೇ ದಿನ ಕಲಕತ್ತೆಯಲ್ಲಿ ಸಿ.ವಿ. ರಾಮನ್ನರು ದ್ರವದಲ್ಲಿ ಹಾದ ಬೆಳಕಿನ ಒಂದು ಅಂಶ ಬಣ್ಣ ಬದಲಿಸುತ್ತದೆ ಎಂಬುದನ್ನು ಖಚಿತಪಡಿಸಿಕೊಂಡರು. ಮೊದಮೊದಲ ಪ್ರಯೋಗಗಳಿಗೆ ಅವರು ಬಳಸಿದ್ದು ನಮ್ಮ ನಿಮ್ಮ ಅಂಗಳದ ಬಿಸಿಲನ್ನೇ. ಜೊತೆಗಿದ್ದವರು ಕೆ.ಎಸ್. ಕೃಷ್ಣನ್‌ರಂಥ ಎಳೆಯ ವಿದ್ಯಾರ್ಥಿಗಳು. 1987ರಿಂದ ಆ ದಿನವನ್ನು ರಾಷ್ಟ್ರೀಯ ವಿಜ್ಞಾನ ದಿನವೆಂದು ಆಚರಿಸುತ್ತೇವೆ. ಎಂಬತ್ತು ವಯಸ್ಸಿನ ರಾಮನ್ನರು 1968ರಲ್ಲಿ ಅಹಮದಾಬಾದಿನಲ್ಲಿ, ಆಕಾಶ ಏಕೆ ನೀಲಿ ಎಂದು ಎಳೆಯರಿಗೆ ತಿಳಿಯುವಂತೆ ಉಪನ್ಯಾಸ ಕೊಟ್ಟರು.

ರಾಮನ್ನರ ಹೆಸರು ಹೇಳಿದಾಗ ನಾನು ಹುಡುಗಿಯರಿಗೆ ಅಣ್ಣಾ ಮಣಿಯವರ ಕತೆಯನ್ನೂ ಹೇಳುತ್ತೇನೆ. 1940ರಲ್ಲಿ ಅವರು ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ನರ ಪ್ರಯೋಗಶಾಲೆಯಲ್ಲಿ ವಜ್ರ ಮತ್ತು ಮಾಣಿಕ್ಯಗಳು ಸೂಸುವ ಬೆಳಕನ್ನು ಅಭ್ಯಾಸ ಮಾಡಿದರು. ಒಂದೊಂದು ಚಿತ್ರ ಮೂಡಲು ಹದಿನೈದಿಪ್ಪತ್ತು ತಾಸು ಕಾಯಬೇಕು, ರಾತ್ರಿ ಅಲ್ಲಿಯೇ ಮಲಗಬೇಕು. 1945ರಲ್ಲಿ ಪ್ರಬಂಧ ಒಪ್ಪಿಸಿದರು. ಎಂ.ಎಸ್ಸಿ. ಇಲ್ಲವೆಂದು ಮದರಾಸು ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಲಿಲ್ಲ. ಅವರು ಮುಂದೆ ದೇಶದ ಹವಾಮಾನ ಉಪಕರಣಗಳನ್ನು ರೂಪಿಸಿದ ದೊಡ್ಡ ವಿಜ್ಞಾನಿಯಾದರು, ಅದು ಬೇರೆ ಮಾತು. ಬೆಳಕನ್ನು ನೋಡುವ ಹೆಣ್ಣಿಗೆ ಬಾಗಿಲು ಮುಚ್ಚಿದ್ದು ನಮ್ಮ ಪಡಸಾಲೆಯಲ್ಲಿ ಮಾತ್ರ ಅಲ್ಲ ಎಂದು ಹುಡುಗಿಯರಿಗೆ ಗೊತ್ತಿರಲಿ ಎಂದು ಹೇಳುತ್ತೇನೆ.

ವಿದ್ಯಾರ್ಥಿಗಳೇ ಮಕ್ಕಳಿಗೆ ಕಲಿಸುವ ಈ ಪದ್ಧತಿಗೆ ಈಗ ಜಗತ್ತಿನ ತುಂಬ ಸಂಘಗಳಿವೆ. ಅಮೆರಿಕದಲ್ಲಿ 1916ರಲ್ಲಿ ಹುಟ್ಟಿ ಈಗ ಆಪ್ಟಿಕಾ ಎಂದು ಹೆಸರು ಬದಲಿಸಿಕೊಂಡ ಸಂಸ್ಥೆ ಒಂದು, 1955ರಲ್ಲಿ ಹುಟ್ಟಿದ ಎಸ್.ಪಿ.ಐ.ಇ. ಇನ್ನೊಂದು. ಎರಡೂ ಬೆಳಕಿನ ವಿಜ್ಞಾನದ ಸಂಸ್ಥೆಗಳು. ವಿಶ್ವವಿದ್ಯಾಲಯಗಳಲ್ಲಿ ಇವುಗಳ ವಿದ್ಯಾರ್ಥಿ ಶಾಖೆಗಳು ಇರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮಣಿಪಾಲ, ಕೊಚ್ಚಿಯ ವಿಶ್ವವಿದ್ಯಾಲಯಗಳಲ್ಲೂ ಇವೆ. ಆ ಶಾಖೆಗಳ ಹುಡುಗರು ಲೇಸರು, ಮಸೂರ, ಪ್ರಿಸಮ್ಮು ಹಿಡಿದು ಶಾಲೆಗಳಿಗೆ ಹೋಗುತ್ತಾರೆ. ಮೊದಲ ಲೇಸರ್ ಬೆಳಗಿದ್ದು 1960ರ ಮೇ 16ರಂದು. ಅದರ ನೆನಪಿಗೆ 2018ರಿಂದ ಮೇ 16ನ್ನು ಅಂತರರಾಷ್ಟ್ರೀಯ ಬೆಳಕಿನ ದಿನ ಎಂದು ಆಚರಿಸುತ್ತಾರೆ. ನಮ್ಮಲ್ಲಿ ಅದು ಬೇಸಿಗೆ ರಜೆ, ಶಾಲೆಗೆ ಬೀಗ.

ಇದಕ್ಕೂ ಹಿಂದೆ, 1972ರಲ್ಲಿ, ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಮಕ್ಕಳೇ ಪ್ರಯೋಗ ಮಾಡಿ ಕಲಿಯುವ ಕಾರ್ಯಕ್ರಮ ಶುರುವಾಗಿತ್ತು. ದೆಹಲಿ ವಿಶ್ವವಿದ್ಯಾಲಯದಿಂದ ಅಧ್ಯಾಪಕರೂ ವಿದ್ಯಾರ್ಥಿಗಳೂ ಹಳ್ಳಿ ಶಾಲೆಗೆ ಬಂದು ಮಾಸ್ತರರ ಜೊತೆ ಕುಳಿತರು. ಮೂವತ್ತು ವರ್ಷ ನಡೆದ ಅದನ್ನು 2002ರಲ್ಲಿ ಸರಕಾರ ನಿಲ್ಲಿಸಿತು. ಇಂಥ ಕೆಲಸಗಳ ಆಯುಷ್ಯ ಹೀಗೆಯೇ. ನಮ್ಮ ಶಾಲೆಗೂ ಕೆಲವು ಗುಂಪುಗಳು ಬಂದು, ಲೇಸರ್ ದೀಪ ಗೋಡೆಗೆ ಹಾಯಿಸಿ, ಫೋಟೋ ತೆಗೆಸಿಕೊಂಡು ಹೋದದ್ದುಂಟು. ಆ ದೀಪ ಕಣ್ಣಿಗೆ ಬಿದ್ದರೆ ಕೇಡು ಎಂದೂ ಹೇಳದೆ ಹೋದವರುಂಟು. ಆದರೆ ಒಂದು ಸಲ ಬಂದ ಗುಂಪು ಮಾಡಿದ್ದನ್ನು ನಾನು ಹೇಳಲೇಬೇಕು.

2014ರ ವಿಜ್ಞಾನ ದಿನ. ಐದಾರು ಕಾಲೇಜು ವಿದ್ಯಾರ್ಥಿಗಳು ಬಂದು ಮೇಜಿನ ಮೇಲೆ ಬಗೆಬಗೆಯ ಮಸೂರಗಳನ್ನು ಹರಡಿದರು. ಅವರಲ್ಲಿ ಒಬ್ಬಳು, ತಾನೂ ಚಾಳೀಸು ಹಾಕಿಕೊಂಡವಳು, ಜೊತೆಗೆ ಒಂದು ಹಿಡಿ ಮಸೂರ ಬೇಳೆಯ ಕಾಳುಗಳನ್ನು ಇಟ್ಟು, “ಇದಕ್ಕ ಮಸೂರ ಅಂತ ಹೆಸರು ಬಂದದ್ದು ಈ ಕಾಳಿನಿಂದ. ಇಂಗ್ಲಿಷಿನ ಲೆನ್ಸ್ ಅನ್ನೂದೂ ಲ್ಯಾಟಿನ್ನಿನ್ಯಾಗ ಇದ ಕಾಳು” ಎಂದಳು. ನಡುವೆ ಉಬ್ಬಿದ್ದು ಪೀನ ಮಸೂರ, ಬೆಳಕನ್ನು ಕೂಡಿಸುತ್ತದೆ. ನಡುವೆ ತೆಳ್ಳಗಿದ್ದು ಅಂಚು ದಪ್ಪ ಇದ್ದದ್ದು ನಿಮ್ನ ಮಸೂರ, ಬೆಳಕನ್ನು ಅಗಲಿಸುತ್ತದೆ. ಮಕ್ಕಳು ಒಂದೊಂದನ್ನೇ ಕಣ್ಣಿಗೆ ಹಿಡಿದು ನೋಡಿದರು.

ಎಂಟನೆಯ ಇಯತ್ತೆಯ ಒಬ್ಬ ಹುಡುಗಿ ಒಂದು ನಿಮ್ನ ಮಸೂರವನ್ನು ಹಿಡಿದು ಕಿಟಕಿಯ ಕಡೆ ತಿರುಗಿದಳು. ಕೆಳಗೆ ಇಡಲೇ ಇಲ್ಲ. ಆಮೇಲೆ ಕರಿಹಲಗೆಯ ಕಡೆ ತಿರುಗಿ, ನಾನು ಬೆಳಗ್ಗೆ ಬರೆದಿದ್ದ ಸುಭಾಷಿತವನ್ನು ಒಂದೊಂದೇ ಅಕ್ಷರ ಓದಿದಳು. “ಟೀಚರ್, ಅಲ್ಲಿ ಬರದದ್ದು ಎಲ್ಲಾರಿಗೂ ಹಿಂಗ ಕಾಣ್ತೈತೇನ್ರಿ?” ಎಂದಳು.

ಅವಳು ನನ್ನ ತರಗತಿಯಲ್ಲಿ ಒಂದು ವರ್ಷದಿಂದ ಇದ್ದವಳು. ಬರೆದುಕೊಳ್ಳುವುದಿಲ್ಲ ಎಂದು ನಾನು ಅವಳನ್ನು ಎಷ್ಟು ಸಲ ನಿಲ್ಲಿಸಿದ್ದೆನೋ ಲೆಕ್ಕವಿಲ್ಲ. ದಡ್ಡಿ ಎಂದುಕೊಂಡಿದ್ದೆ. ಅವಳಿಗೆ ಹಲಗೆಯೇ ಕಂಡಿರಲಿಲ್ಲ. ದೂರದ್ದು ಮಸುಕಾಗಿ ಕಾಣುವುದೇ ಲೋಕದ ರೀತಿ ಎಂದು ಅವಳು ತಿಳಿದಿದ್ದಳು. ಕಣ್ಣಿನ ಮುಂದೆ ನಡೆದದ್ದು ಕಾಣದೆ ಹೋದವಳು ಅವಳಲ್ಲ, ನಾನು.

ಅಂದು ಸಂಜೆ ನಾನೂ, ಆ ಚಾಳೀಸಿನ ಕಾಲೇಜು ಹುಡುಗಿಯೂ ಅವಳ ಮನೆಗೆ ಹೋದೆವು. ತಾಯಿ ಚಹಾ ಕೊಟ್ಟು ಎಲ್ಲ ಕೇಳಿದಳು. ಕೇಳಿ, “ಬಾಯಾರ, ನೀವು ಹೇಳೂದು ಖರೇ ಐತ್ರಿ. ಆದ್ರ ಚಾಳೀಸ ಹಾಕ್ಕೊಂಡ ಹುಡುಗೀನ ನೋಡಾಕ ಯಾರ ಬರ್ತಾರ್ರಿ? ನಾಳೆ ಕುರುಡಿ ಅಂತಾರ್ರಿ” ಎಂದಳು. ನಾನು ಕಣ್ಣಿನ ಆರೋಗ್ಯ, ಓದು, ಭವಿಷ್ಯ ಎಂದೆಲ್ಲ ಉಪದೇಶ ಮಾಡಿದೆ. ಅದು ಅವಳ ಕಿವಿಗೆ ಬೀಳಲಿಲ್ಲ. ಆಗ ಕಾಲೇಜಿನ ಹುಡುಗಿ ತನ್ನ ಚಾಳೀಸು ತೆಗೆದು ತಾಯಿಯ ಕೈಗೆ ಕೊಟ್ಟಳು. “ಅವ್ವಾರ, ನನಗೂ ಇದ ಇಲ್ಲಾಂದ್ರ ನಿಮ್ಮ ಮಾರಿ ಕಾಣೂದಿಲ್ರಿ. ಕಾಣದ ಹುಡುಗೀನ ಕೊಡೂದು ಬ್ಯಾರೆ, ಕಾಣೂಹಂಗ ಮಾಡಿ ಕೊಡೂದು ಬ್ಯಾರೆ” ಎಂದಳು. ತಾಯಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅರ್ಧ ಒಪ್ಪಿದಳು.

ಸರಕಾರಿ ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆ ಆಯಿತು, ಚಾಳೀಸು ಬಂತು. ಆದರೆ ತಾಯಿಯ ಕರಾರು ಏನೆಂದರೆ ಅದು ಮನೆಗೆ ಬರಕೂಡದು, ಓಣಿಯವರು ನೋಡಕೂಡದು. ಎರಡು ವರ್ಷ ಅದು ನನ್ನ ಮೇಜಿನ ಖಾನೆಯಲ್ಲಿ ಇತ್ತು. ಬೆಳಗ್ಗೆ ಬಂದು ತೆಗೆದುಕೊಳ್ಳುತ್ತಿದ್ದಳು, ಸಂಜೆ ಒರೆಸಿ ಇಟ್ಟು ಹೋಗುತ್ತಿದ್ದಳು. ಸಂಜೆ ಗೇಟಿನ ಹೊರಗೆ ಅವಳು ಕಣ್ಣು ಕಿರಿದು ಮಾಡಿಕೊಂಡು ನಡೆಯುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಚಾಳೀಸು ಎಂಬ ನಮ್ಮ ಕಡೆಯ ಮಾತೇ ನಲವತ್ತು ಎಂಬ ಅರ್ಥದ ಚಾಳೀಸದಿಂದ ಬಂದದ್ದು. ನಲವತ್ತಕ್ಕೆ ಹತ್ತಿರದ ಅಕ್ಷರ ಮಸುಕಾಗುವವರಿಗೆ ಅದು ಬೇಕು. ಇಟಲಿಯಲ್ಲಿ ಹದಿಮೂರನೆಯ ಶತಮಾನದ ಕೊನೆಗೆ ಹುಟ್ಟಿದ ಮೊದಲ ಕನ್ನಡಕಗಳೂ ವಯಸ್ಸಾದವರ ಓದಿಗೇ ಆಗಿದ್ದವು. ವಿಜಯನಗರದ ಕಾಲದ ವ್ಯಾಸರಾಯರು ಕನ್ನಡಕ ಧರಿಸಿ ಗ್ರಂಥ ಓದುತ್ತಿದ್ದ ಉಲ್ಲೇಖ ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಲ್ಲಿ ಇದೆಯೆಂದು ಪಿ.ಕೆ. ಗೋಡೆಯವರು ತೋರಿಸಿದ್ದಾರೆ. ಐನೂರು ವರ್ಷದ ಹಿಂದೆ ನಮ್ಮ ನಾಡಿನ ಯತಿಯೊಬ್ಬರ ಮೂಗಿನ ಮೇಲೆ ಕುಳಿತದ್ದು ಇಂದಿನ ಹುಡುಗಿಯ ಮೂಗಿನ ಮೇಲೆ ಕುಳಿತರೆ ಊನ ಆಗುತ್ತದೆ! ಯತಿಗೆ ವರ ಹುಡುಕುವ ತಾಪತ್ರಯ ಇರಲಿಲ್ಲ, ನೋಡಿರಿ.

ಆ ಹುಡುಗಿ ಹತ್ತನೆಯ ಇಯತ್ತೆಯಲ್ಲಿ ಇದ್ದಾಗ ನಾವು ಕಿತ್ತೂರಿಗೆ ಸಹಲು ಹೋಗಿದ್ದೆವು. 1824ರಲ್ಲಿ ಚನ್ನಮ್ಮ ರಾಣಿ ಇಂಗ್ಲಿಷರ ಥ್ಯಾಕರೆಯನ್ನು ಸೋಲಿಸಿದ ಕೋಟೆ. ಅವಳು ಸೆರೆಯಲ್ಲಿ ಇದ್ದು 1829ರಲ್ಲಿ ತೀರಿಕೊಂಡದ್ದು ನಮ್ಮ ಬೈಲಹೊಂಗಲದಲ್ಲಿ. ಅವಳ ಸಮಾಧಿ ಇಲ್ಲಿಯೇ ಇದೆ. ಕಿತ್ತೂರಿನ ಹಾಳುಬಿದ್ದ ಅರಮನೆಯಲ್ಲಿ ಧ್ರುವ ನಕ್ಷತ್ರ ನೋಡುವ ಒಂದು ಕಿಂಡಿ ಇದೆ. ಹಗಲಲ್ಲಿ ಅದರಲ್ಲಿ ಕಾಣುವುದು ಆಕಾಶದ ಒಂದು ತುಣುಕು ಮಾತ್ರ. ನಮ್ಮ ಜೊತೆ ಬಂದಿದ್ದ ಕಾಲೇಜು ಹುಡುಗ, “ಕಿತ್ತೂರಿನ್ಯಾಗ ಧ್ರುವ ದಿಗಂತದಿಂದ 15–16 ಡಿಗ್ರಿ ಎತ್ತರದಾಗ ಇರ್ತೈತಿ. ಊರಿನ ಅಕ್ಷಾಂಶ ಎಷ್ಟೋ ಧ್ರುವ ಅಷ್ಟ ಎತ್ತರ” ಎಂದು ವಿವರಿಸಿದ. ಹುಡುಗಿ ಚಾಳೀಸು ಹಾಕಿಕೊಂಡೇ ಕಿಂಡಿಗೆ ಕಣ್ಣು ಹಚ್ಚಿದಳು. ಸಹಲಿಗೆ ಬರುವಾಗ ಅವಳು ಮನೆಯಿಂದಲೇ ಅದನ್ನು ಹಾಕಿಕೊಂಡು ಬಂದಿದ್ದಳು. ತಾಯಿಗೆ ಏನು ಹೇಳಿದಳೋ ನಾನು ಕೇಳಲಿಲ್ಲ.

2019ರ ಡಿಸೆಂಬರ್ 26ರಂದು ಬೆಳಗ್ಗೆ ಮತ್ತೆ ಸೂರ್ಯಗ್ರಹಣ. ಕಾಸರಗೋಡಿನ ಚೆರುವತ್ತೂರು, ಮಂಗಳೂರು, ಕೊಡಗಿನ ಕಡೆ ಸೂರ್ಯ ಬಳೆಯಂತೆ ಕಂಡ. ನಮ್ಮಲ್ಲಿ ಪಾರ್ಶ್ವ ಗ್ರಹಣ. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದ ಅದೇ ಹುಡುಗಿ ತನ್ನ ಗೆಳತಿಯರೊಂದಿಗೆ ನಮ್ಮ ಶಾಲೆಗೆ ಬಂದಳು. ಮಕ್ಕಳು ಬಂದದ್ದು ಮೂರರಲ್ಲಿ ಒಂದು ಪಾಲು. ಉಳಿದವರನ್ನು ಮನೆಯಲ್ಲಿ ಕೂಡಿಸಿದ್ದರು. ಬಂದವರಿಗೆ ಅವಳು ಮೊದಲು ಹೇಳಿದ್ದು, ಬರಿಗಣ್ಣಿನಿಂದ ನೋಡಬೇಡಿರಿ, ಮಸಿ ಹಿಡಿದ ಗಾಜಿನಿಂದ, ಎಕ್ಸ್‌ರೇ ಹಾಳೆಯಿಂದ, ಸೆಗಣಿ ನೀರಿನಲ್ಲಿ ನೋಡಬೇಡಿರಿ, ಅದಕ್ಕೆಂದೇ ಮಾಡಿದ ಗ್ರಹಣದ ಕನ್ನಡಕ ಬೇಕು ಎಂದು. ಹಿರಿಯರ ಅಂಜಿಕೆಯಲ್ಲಿ ಅಷ್ಟು ಸತ್ಯ ಇದ್ದೇ ಇದೆ. ಅದನ್ನು ಒಪ್ಪಿಕೊಂಡು ಮುಂದೆ ಹೋದಳು. ರಟ್ಟಿಗೆ ತೂತು ಮಾಡಿ ನೆಲದ ಮೇಲೆ ಕುಡುಗೋಲು ಬೀಳಿಸಿದಳು. ಅದೇ ದಿನ ಕಲಬುರಗಿಯ ಹತ್ತಿರದ ಹಳ್ಳಿಯೊಂದರಲ್ಲಿ, ಗ್ರಹಣದ ಹೊತ್ತಿಗೆ ಹೂಳಿದರೆ ಗುಣವಾಗುತ್ತದೆಂದು ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿ ನಿಲ್ಲಿಸಿದ್ದ ಸುದ್ದಿ ಬಂತು. ಅವರೂ ಮಕ್ಕಳ ಒಳಿತನ್ನೇ ಬಯಸಿದ ತಂದೆತಾಯಿಗಳು. ನನಗೆ ನಮ್ಮ ಆಯಿಯ ನೆನಪಾಯಿತು.

ಕೊನೆಯದಾಗಿ ಇನ್ನೊಂದು ಗ್ರಹಣದ ಮಾತು. 2022ರ ಅಕ್ಟೋಬರ್ 25, ದೀಪಾವಳಿ ಅಮಾವಾಸ್ಯೆ. ಹಬ್ಬಕ್ಕೆಂದು ಸವದತ್ತಿಗೆ ಹೋಗಿದ್ದೆ. ಆಯಿ ಹೋಗಿ ಬಹಳ ವರ್ಷ ಆಯಿತು. ಹಳೆಯ ಮನೆಯಲ್ಲಿ ಕಾಕು ಇದ್ದಾಳೆ, ಮಗ, ಸೊಸೆ, ಮೊಮ್ಮಕ್ಕಳು ಇದ್ದಾರೆ. ಬಾಗಿಲು ಅದೇ. ಎದುರಿನ ಮನೆ ಬಿದ್ದು ಬಯಲಾಗಿ, ಸಂಜೆಯ ಬಿಸಿಲು ನೇರವಾಗಿ ಬಾಗಿಲಿಗೆ ಬೀಳುತ್ತದೆ. ಐದು ಗಂಟೆ ದಾಟಿದ ಮೇಲೆ ನಾನು ಸ್ಟೂಲು ಹತ್ತಿ, ಕಪ್ಪಾಗಿ ಗಟ್ಟಿಯಾಗಿದ್ದ ಅರಳೆಯನ್ನು ಹೇರ್‌ಪಿನ್ನಿನಿಂದ ಕಿತ್ತೆ. ತೂತಿಗೆ ಸಣ್ಣ ರಂಧ್ರದ ಒಂದು ರಟ್ಟು ಅಂಟಿಸಿದೆ. ಮೊಮ್ಮಕ್ಕಳಿಗೆ ಬಾಗಿಲು ಮುಚ್ಚಿರೆಂದು ಹೇಳಿದೆ.

ಸೂರ್ಯ ಕೆಳಗೆ ಇಳಿದಿದ್ದರಿಂದ ಬೆಳಕು ಈ ಸಲ ನೆಲಕ್ಕೆ ಬೀಳಲಿಲ್ಲ, ಒಳಗಿನ ಗೋಡೆಯವರೆಗೆ ಹೋಯಿತು. ಎಷ್ಟು ದೂರವೋ ಅದರ ನೂರಕ್ಕೆ ಒಂದು ಪಾಲಿನಷ್ಟು ಅಗಲ ಸೂರ್ಯನ ಬಿಂಬ ಬೀಳುತ್ತದೆ. ಆರು ಮೀಟರಿಗೆ ಐದಾರು ಸೆಂಟಿಮೀಟರ್. ಸಣ್ಣ ರೊಟ್ಟಿಯ ಅಂಚು ಮುರಿದಂತೆ ಒಂದು ಕಡೆ ಕಚ್ಚು ಇತ್ತು. ಮಕ್ಕಳು ಅದನ್ನು ಅಂಗೈಯಲ್ಲಿ ಹಿಡಿಯಲು ನೂಕಾಡಿದರು.

ಕಾಕು ಅಡಿಗೆ ಮನೆಯ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. “ಅವತ್ತ ಬಂದಿದ್ದ ಇದೇನ?” ಎಂದಳು.

“ಹೌದು ಕಾಕು. ಇದ.”

ಅವಳು ಗೋಡೆಯ ಹತ್ತಿರ ಬಂದಳು. ಸೆರಗಿನಿಂದ ಕೈ ಒರೆಸಿಕೊಂಡು ಅಂಗೈಯನ್ನು ಬೆಳಕಿಗೆ ಒಡ್ಡಿದಳು. ಸ್ವಲ್ಪ ಹೊತ್ತು ಹಾಗೆಯೇ ಹಿಡಿದಳು. “ಬೆಚ್ಚಗ ಸೈತ ಇಲ್ಲಲ್ಲ ಇದು” ಎಂದಳು. ಆಮೇಲೆ ಮಗನನ್ನು ಕರೆದಳು. ನಲವತ್ತೆರಡು ವರ್ಷದ ಮಗ ಟಿ.ವಿ. ಬಿಟ್ಟು ಎದ್ದು ಬಂದ. “ನೋಡ ಇಲ್ಲಿ, ಎರಡ ತಿಂಗಳ ನನಗ ನಿದ್ದಿ ಕೊಡಲಾರದ್ದು ಇದ” ಎಂದು ತೋರಿಸಿದಳು.

ಸೂರ್ಯ ಮುಳುಗುವವರೆಗೆ ನಾವು ಬಾಗಿಲು ತೆಗೆಯಲಿಲ್ಲ.